ನೋಯದ ಮಿದುಳು, ನೋಯುವ ನೆತ್ತಿ

ತಲೆಯ ಸುತ್ತಲಿನ ಕೆಲವೇ ನರಗಳ ಬಳಿ ಮದ್ದು ಹಾಕಿ ಮಿದುಳಿನ ಶಸ್ತ್ರಚಿಕಿತ್ಸೆಯ ನೋವನ್ನು ತಡೆಯುವ ‘ಸ್ಕಾಲ್ಪ್ ಬ್ಲಾಕ್’ ಹೊಸದೇನಲ್ಲ. ಅದಕ್ಕೆ ನೂರು ವರ್ಷ ದಾಟಿದೆ. ದುಬಾರಿ ಯಂತ್ರ ಬೇಡದ, ಪಳಗಿದ ಕೈ ಮಾತ್ರ ಬೇಡುವ ಈ ವಿಧಾನದ ಕಥೆ, ವಿಜ್ಞಾನ ಮತ್ತು ಮಿತಿಗಳು ಇಲ್ಲಿವೆ.

2017ರ ಜುಲೈನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಹೊರಬಂದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಆಪರೇಷನ್ ಮೇಜಿನ ಮೇಲೆ ಒಬ್ಬ ಯುವಕ, ತಲೆಗೆ ತಿರುಪು ಹಾಕಿ ಬಿಗಿದ ಲೋಹದ ಚೌಕಟ್ಟು, ಕೈಯಲ್ಲಿ ಗಿಟಾರ್. ತಂತಿ ಮೀಟಲು ಹೋದಾಗಲೆಲ್ಲ ಎಡಗೈ ಬೆರಳುಗಳು ಸೆಟೆದುಕೊಳ್ಳುವ ತೊಂದರೆ ಅವನದು. ಮಿದುಳಿನ ಆಳದಲ್ಲಿ ಯಾವ ಜಾಗವನ್ನು ಸುಟ್ಟರೆ ಬೆರಳುಗಳು ಸಡಿಲವಾಗುತ್ತವೆ ಎಂಬುದನ್ನು ವೈದ್ಯರು ಆಗಲೇ, ಅಲ್ಲೇ ತಿಳಿಯಬೇಕಿತ್ತು. ಹಾಗಾಗಿ ರೋಗಿ ಎಚ್ಚರವಿದ್ದು ನುಡಿಸುತ್ತಲೇ ಇರಬೇಕಿತ್ತು.

ಚಿತ್ರ ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಅವನಿಗೆ ನೋವಾಗಲಿಲ್ಲವೇ?’ ಪತ್ರಿಕೆಗಳು ಕೊಟ್ಟ ಉತ್ತರವೂ ಒಂದೇ: ‘ಮಿದುಳಿಗೆ ನೋವು ಗೊತ್ತಾಗುವುದಿಲ್ಲ.’ ಮಾತು ನಿಜ. ಆದರೆ ಅರ್ಧ ನಿಜ. ಮಿದುಳನ್ನು ತಲುಪುವ ಮೊದಲು ಚರ್ಮ ಸೀಳಬೇಕು, ಸ್ನಾಯು ಬಿಡಿಸಬೇಕು, ಎಲುಬು ಕೊರೆಯಬೇಕು. ಇವೆಲ್ಲಕ್ಕೂ ನೋವು ಚೆನ್ನಾಗಿಯೇ ಗೊತ್ತಾಗುತ್ತದೆ. ಈ ಅರ್ಧ ನಿಜವನ್ನೇ ಪೂರ್ತಿ ನಿಜವೆಂದು ನಂಬಿದ್ದಕ್ಕೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿಗಳು ಬಹುಕಾಲ ಬೆಲೆ ತೆತ್ತಿದ್ದಾರೆ.

ನೋವು ಹುಟ್ಟುವುದೆಲ್ಲಿ?

ಬೆರಳಿಗೆ ಮುಳ್ಳು ಚುಚ್ಚಿದರೆ ಆ ಸುದ್ದಿಯನ್ನು ಹೊತ್ತೊಯ್ಯಲು ಚರ್ಮದ ಅಡಿಯಲ್ಲಿ ನರಗಳ ಸೂಕ್ಷ್ಮ ತುದಿಗಳಿವೆ. ದೇಹದ ಎಲ್ಲ ನೋವಿನ ಸುದ್ದಿಯೂ ಕೊನೆಗೆ ಬಂದು ಸೇರುವ ಮಿದುಳಿನ ಒಳತಿರುಳಿನಲ್ಲಿ ಮಾತ್ರ ಅಂಥ ತುದಿಗಳಿಲ್ಲ. ಅದನ್ನು ಮುಟ್ಟಿದರೂ ಕತ್ತರಿಸಿದರೂ ರೋಗಿಗೆ ನೋವೆನಿಸದು.

ಮಿದುಳಿನ ಹೊದಿಕೆಗಳ ಕಥೆ ಬೇರೆ. ಹೊರಗಿನಿಂದ ಒಳಕ್ಕೆ ಹೋದರೆ ಮೊದಲು ಸಿಗುವುದು ಕೂದಲು ಬೆಳೆಯುವ ಚರ್ಮ. ಅದರ ಕೆಳಗೆ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡಿರುವ ಪದರ. ಆಮೇಲೆ ಹಾಳೆಯಷ್ಟು ತೆಳ್ಳಗಿನ, ಗಟ್ಟಿ ಪಟ್ಟಿ. ಅದರಡಿ ಸಡಿಲ ಪದರ. ಕೊನೆಗೆ ಎಲುಬಿಗೆ ಅಂಟಿಕೊಂಡ ಪೊರೆ. ಈ ಐದೂ ಸೇರಿ ಸ್ಕಾಲ್ಪ್. ಕಣತಲೆಯಲ್ಲಿ ಮತ್ತು ಹೆಡತಲೆಯಲ್ಲಿ ಇವುಗಳ ಜೊತೆಗೆ ದಪ್ಪ ಸ್ನಾಯುಗಳೂ ಇವೆ. ಬುರುಡೆಯ ಎಲುಬಿನ ಒಳಗಡೆ ಮಿದುಳನ್ನು ಸುತ್ತಿರುವ ಡ್ಯೂರಾ ಎಂಬ ಗಟ್ಟಿ ಪೊರೆಗೂ ನೋವು ತಿಳಿಯುತ್ತದೆ. ಅದರಲ್ಲೂ ರಕ್ತನಾಳಗಳ ಆಸುಪಾಸಿನಲ್ಲಿ, ಬುರುಡೆಯ ತಳಭಾಗದಲ್ಲಿ ಅದು ತೀರಾ ಸೂಕ್ಷ್ಮ.

ಶಸ್ತ್ರಚಿಕಿತ್ಸೆಯ ನಂತರದ ನೋವು ಎಷ್ಟಿರುತ್ತದೆ ಎಂಬುದು ಈ ಪದರಗಳಲ್ಲಿ ಯಾವುದಕ್ಕೆ ಎಷ್ಟು ಪೆಟ್ಟು ಬಿತ್ತು ಎಂಬುದರ ಮೇಲೆ ನಿಂತಿದೆ. ಒಳಗಿನ ಗಡ್ಡೆ ಎಷ್ಟು ದೊಡ್ಡದಿತ್ತು ಎಂಬುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ಕಣತಲೆಯ ಸ್ನಾಯುವನ್ನು ಬಿಡಿಸಿ ಮಾಡಿದ ಆಪರೇಷನ್ ಆದರೆ ರೋಗಿಗೆ ಅನ್ನ ಅಗಿಯುವುದೂ ಕಷ್ಟ. ಆ ಸ್ನಾಯುವೇ ದವಡೆಯನ್ನು ಎತ್ತುವುದು. ಹೆಡತಲೆಯ ಕಡೆಯಿಂದ, ಕತ್ತಿನ ಸ್ನಾಯುಗಳನ್ನು ಸೀಳಿಕೊಂಡು ಹೋದರೆ ನೋವು ಇನ್ನೂ ಹೆಚ್ಚು. ಕಿವಿಯ ನರದ ಮೇಲೆ ಬೆಳೆದ ಗಡ್ಡೆಯನ್ನು ಕಿವಿಯ ಹಿಂದಿನಿಂದ ತೆಗೆಸಿಕೊಂಡವರಲ್ಲಿ ಕೆಲವರಿಗೆ ತಲೆನೋವು ತಿಂಗಳುಗಟ್ಟಲೆ ಉಳಿದುಬಿಡುವುದೂ ಉಂಟು.

ಪೇಟ ಕೂರುವ ಗೆರೆ

ತಲೆಗೆ ಸಂವೇದನೆ ಒದಗಿಸುವ ನರಗಳೆಲ್ಲ ನೆತ್ತಿಯಲ್ಲಿ ಹುಟ್ಟುವುದಿಲ್ಲ, ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ಮೈಸೂರು ಪೇಟ ತಲೆಯ ಮೇಲೆ ಕೂರುವ ಗೆರೆಯನ್ನು ನೆನಪಿಸಿಕೊಳ್ಳಿ: ಹಣೆಯಿಂದ ಹೊರಟು, ಕಣತಲೆ ಬಳಸಿ, ಕಿವಿಯ ಮೇಲಿಂದ ಹೆಡತಲೆಗೆ ಹೋಗಿ ಮತ್ತೆ ಹಣೆಗೆ ಬರುವ ಸುತ್ತು. ಹೆಚ್ಚುಕಡಿಮೆ ಆ ಸುತ್ತಿನ ಆಸುಪಾಸಿನಲ್ಲೇ ಈ ನರಗಳು ಆಳದಿಂದ ಚರ್ಮದ ಹತ್ತಿರಕ್ಕೆ ಬರುತ್ತವೆ. ಅಲ್ಲಿಂದ ಕವಲೊಡೆದು ಇಡೀ ನೆತ್ತಿಗೆ ಹರಡುತ್ತವೆ. ಕವಲೊಡೆಯುವ ಮುಂಚೆಯೇ ಬುಡದಲ್ಲಿ ತಡೆದರೆ ಮೇಲಿನ ಪ್ರದೇಶವೆಲ್ಲ ಮರಗಟ್ಟುತ್ತದೆ. ಸ್ಕಾಲ್ಪ್ ಬ್ಲಾಕ್‌ನ ತರ್ಕ ಇಷ್ಟೇ.

ಪ್ರತಿ ಬದಿಗೆ ಮುಖ್ಯವಾಗಿ ಏಳು ನರಗಳು. ಹುಬ್ಬಿನ ಎಲುಬಿನ ಮೇಲೆ, ಕಣ್ಣಿನ ಪಾಪೆಯ ನೇರಕ್ಕೆ ಬೆರಳಾಡಿಸಿದರೆ ಸಣ್ಣ ತಗ್ಗು ಕೈಗೆ ಸಿಗುತ್ತದೆ; ಸುಪ್ರಾಆರ್ಬಿಟಲ್ ನರ ಹೊರಬರುವುದು ಅಲ್ಲಿ. ಅದರಿಂದ ಮೂಗಿನ ಕಡೆಗೆ ಒಂದು ಬೆರಳಿನಷ್ಟು ಸರಿದರೆ ಸುಪ್ರಾಟ್ರಾಕ್ಲಿಯರ್. ಹಣೆಯಿಂದ ನೆತ್ತಿಯವರೆಗಿನ ಮುಂಭಾಗ ಇವೆರಡರ ಪಾಲಿಗೆ. ಕಣ್ಣಿನ ಹೊರ ಅಂಚಿನಾಚೆ ಕಣತಲೆಯಲ್ಲಿ ಜೈಗೋಮ್ಯಾಟಿಕೊ ಟೆಂಪೊರಲ್ ನರ ಸ್ನಾಯುವಿನ ಹೊದಿಕೆಯನ್ನು ತೂರಿಕೊಂಡು ಬರುತ್ತದೆ. ಕಿವಿಯ ಮುಂದೆ ನಾಡಿ ಮಿಡಿಯುವಲ್ಲಿ, ಆ ರಕ್ತನಾಳದ ಜೊತೆಯಲ್ಲೇ ಆರಿಕ್ಯುಲೊ ಟೆಂಪೊರಲ್ ನರ ಮೇಲೇರುತ್ತದೆ. ಈ ನಾಲ್ಕೂ ಮುಖದ ಸಂವೇದನೆಯ ದೊಡ್ಡ ನರವಾದ ಟ್ರೈಜೆಮಿನಲ್‌ನ ಕವಲುಗಳು. ಕಿವಿಯ ಹಿಂದೆ ಗ್ರೇಟ್ ಆರಿಕ್ಯುಲರ್ ಮತ್ತು ಲೆಸ್ಸರ್ ಆಕ್ಸಿಪಿಟಲ್, ಹೆಡತಲೆಯ ಉಬ್ಬಿಗೂ ಕಿವಿಯ ಹಿಂದಿನ ಎಲುಬಿಗೂ ನಡುವೆ ಗ್ರೇಟರ್ ಆಕ್ಸಿಪಿಟಲ್. ಈ ಮೂರು ಕತ್ತಿನ ಮೇಲ್ಭಾಗದಲ್ಲಿ ಬೆನ್ನುಹುರಿಯಿಂದ ಹೊರಟವು.

ಅರಿವಳಿಕೆ ತಜ್ಞರು ಒಂದೊಂದು ಜಾಗದಲ್ಲೂ ಸಣ್ಣ ಸೂಜಿಯಿಂದ 2–3 ಮಿಲಿಲೀಟರ್ ಮದ್ದು ಹಾಕುತ್ತಾರೆ. ಸಾಮಾನ್ಯವಾಗಿ ಬಳಸುವುದು ಬ್ಯುಪಿವಕೇನ್ ಅಥವಾ ರೋಪಿವಕೇನ್. ನರದ ಮೇಲ್ಪದರದಲ್ಲಿ ಸೋಡಿಯಂ ಅಯಾನುಗಳು ಒಳನುಗ್ಗಲು ಸೂಕ್ಷ್ಮ ದಾರಿಗಳಿವೆ. ಆ ನುಗ್ಗಾಟದಿಂದಲೇ ನೋವಿನ ಸಂಕೇತ ಮುಂದೆ ಸಾಗುವುದು. ಈ ಮದ್ದು ಆ ದಾರಿಗಳನ್ನು ಮುಚ್ಚುತ್ತದೆ. ಚರ್ಮ ಸೀಳಿದ ಸಂಕೇತ ಹುಟ್ಟುತ್ತದೆ, ಆದರೆ ಮಿದುಳನ್ನು ತಲುಪುವುದಿಲ್ಲ. ಮದ್ದಿನ ಜೊತೆ ಅತಿ ಕಡಿಮೆ ಪ್ರಮಾಣದಲ್ಲಿ, ಅಂದರೆ ಎರಡು ಲಕ್ಷಕ್ಕೆ ಒಂದು ಪಾಲಿನಷ್ಟು, ಅಡ್ರಿನಲಿನ್ ಬೆರೆಸುವುದುಂಟು. ಅದು ರಕ್ತನಾಳಗಳನ್ನು ಕುಗ್ಗಿಸಿ ಮದ್ದು ಅಲ್ಲೇ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ. ತಲೆಯ ಗಾಯದಲ್ಲಿ ಧಾರಾಳವಾಗಿ ಸುರಿಯುವ ರಕ್ತವನ್ನೂ ತಗ್ಗಿಸುತ್ತದೆ.

ಕಣ್ಣಿನಿಂದ ನೆತ್ತಿಗೆ: ಒಂದು ಶತಮಾನದ ಹಾದಿ

ಈ ವಿದ್ಯೆಯ ಬೇರು 1884ರ ವಿಯೆನ್ನಾದಲ್ಲಿದೆ. ಕಾರ್ಲ್ ಕೊಲ್ಲರ್ ಎಂಬ ತರುಣ ವೈದ್ಯ ಕೊಕೇನ್ ದ್ರಾವಣದ ಹನಿಗಳನ್ನು ಕಣ್ಣಿಗೆ ಬಿಟ್ಟರೆ ಕಣ್ಣು ಮರಗಟ್ಟುತ್ತದೆ ಎಂದು ಕಂಡುಕೊಂಡ. ಆ ಸೆಪ್ಟೆಂಬರ್‌ನಲ್ಲಿ ಹೈಡೆಲ್‌ಬರ್ಗ್‌ನಲ್ಲಿ ನಡೆದ ಕಣ್ಣಿನ ವೈದ್ಯರ ಸಮ್ಮೇಳನಕ್ಕೆ ಹೋಗಲು ಅವನ ಬಳಿ ಹಣವಿರಲಿಲ್ಲ. ಅವನ ಪ್ರಬಂಧವನ್ನು ಬೇರೊಬ್ಬರು ಓದಿದರು. ಸುದ್ದಿ ಅಮೆರಿಕ ತಲುಪಲು ಹೆಚ್ಚು ದಿನ ಹಿಡಿಯಲಿಲ್ಲ. ನ್ಯೂಯಾರ್ಕ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಕೊಕೇನನ್ನು ನೇರವಾಗಿ ನರದ ಬುಡಕ್ಕೇ ಚುಚ್ಚಿ ನೋಡಿದರು. ಪ್ರಯೋಗ ನಡೆದದ್ದು ಅವರ ಮೈಮೇಲೆಯೇ. ನರ ಮರಗಟ್ಟಿತು, ಆದರೆ ಹಾಲ್‌ಸ್ಟೆಡ್ ಕೊಕೇನ್ ಚಟಕ್ಕೆ ಬಿದ್ದರು. ಅದನ್ನು ಬಿಡಿಸಲು ಹೋಗಿ ಮಾರ್ಫಿನ್ ಅಂಟಿಕೊಂಡಿತು. ಆಧುನಿಕ ಶಸ್ತ್ರಚಿಕಿತ್ಸೆಯನ್ನು ಕಟ್ಟಿದವರಲ್ಲೊಬ್ಬರಾದ ಅವರು ಉಳಿದ ಬಾಳನ್ನೆಲ್ಲ ಆ ನೆರಳಿನಲ್ಲೇ ಕಳೆದರು.

ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹಾಲ್‌ಸ್ಟೆಡ್ ಕೈಕೆಳಗೆ ಪಳಗಿದವರು ಹಾರ್ವೆ ಕುಶಿಂಗ್. ಮುಂದೆ ನರಶಸ್ತ್ರಚಿಕಿತ್ಸೆಯ ಪಿತಾಮಹರೆಂದು ಹೆಸರಾದ ಅವರಿಗೆ ಅರಿವಳಿಕೆಯ ಬಗ್ಗೆ ಆಳವಾದ ಆತಂಕವಿತ್ತು. ವಿದ್ಯಾರ್ಥಿಯಾಗಿದ್ದಾಗ ಅವರೇ ರೋಗಿಗಳಿಗೆ ಈಥರ್ ಕೊಡುತ್ತಿದ್ದರು. ಅದರ ಅಪಾಯಗಳನ್ನು ಕಣ್ಣಾರೆ ಕಂಡು, 1895ರ ಹೊತ್ತಿಗೆ ಗೆಳೆಯ ಕಾಡ್‌ಮನ್ ಜೊತೆ ರೋಗಿಯ ನಾಡಿ, ಉಸಿರಾಟವನ್ನು ಕ್ಷಣಕ್ಷಣಕ್ಕೂ ಬರೆದಿಡುವ ಪಟ್ಟಿಯನ್ನು ಬಳಕೆಗೆ ತಂದರು. 1901ರಲ್ಲಿ ಇಟಲಿಯಿಂದ ಮರಳುವಾಗ ರಿವಾ ರೊಚ್ಚಿಯ ರಕ್ತದೊತ್ತಡ ಅಳೆಯುವ ಸಾಧನವನ್ನು ಅಮೆರಿಕಕ್ಕೆ ತಂದವರೂ ಅವರೇ. ಆಗಿನ ಈಥರ್, ಕ್ಲೋರೋಫಾರ್ಮ್‌ಗಳಿಂದ ಮಿದುಳು ಊದಿಕೊಳ್ಳುವುದು, ಉಸಿರು ಕಟ್ಟುವುದು ಸಾಮಾನ್ಯವಾಗಿತ್ತು. ಹೀಗಾಗಿ ಕುಶಿಂಗ್ ಮತ್ತು ಅವರ ಸಮಕಾಲೀನ ಜಾರ್ಜ್ ಕ್ರೈಲ್ ತಲೆಯ ಚರ್ಮವನ್ನು ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡುವ ದಾರಿ ಹಿಡಿದರು. 1909ರಲ್ಲಿ ಕುಶಿಂಗ್ ಎಚ್ಚರವಿದ್ದ ಇಬ್ಬರು ರೋಗಿಗಳ ಮಿದುಳಿನ ಮೇಲ್ಮೈಯನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿದಾಗ, ತಮ್ಮ ಕೈಯನ್ನು ಯಾರೋ ಮುಟ್ಟಿದಂತಾಯಿತು ಎಂದರು ಅವರು. ನೋವಾಯಿತು ಎನ್ನಲಿಲ್ಲ.

ಮಾಂಟ್ರಿಯಲ್‌ನಲ್ಲಿ 1934ರಲ್ಲಿ ನರವಿಜ್ಞಾನ ಸಂಸ್ಥೆಯನ್ನು ಕಟ್ಟಿದ ವೈಲ್ಡರ್ ಪೆನ್‌ಫೀಲ್ಡ್ ಇದನ್ನು ದೊಡ್ಡ ಮಟ್ಟಕ್ಕೆ ಬೆಳೆಸಿದರು. ಮೂರ್ಛೆರೋಗದ ರೋಗಿಗಳನ್ನು ಎಚ್ಚರವಿಟ್ಟೇ ಆಪರೇಷನ್ ಮಾಡಿ, ಮಿದುಳಿನ ಯಾವ ಭಾಗ ಕೈಯನ್ನು ಆಳುತ್ತದೆ, ಯಾವುದು ನಾಲಿಗೆಯನ್ನು ಆಳುತ್ತದೆ ಎಂಬ ನಕ್ಷೆ ಬರೆದರು. ಇಂದು ಶಾಲಾ ಪುಸ್ತಕಗಳಲ್ಲಿ ಕಾಣುವ ಆ ನಕ್ಷೆಯ ಹಿಂದೆ ತಲೆಯ ಚರ್ಮವನ್ನು ಮರಗಟ್ಟಿಸಿದ ಸೂಜಿಯಿದೆ.

ಆಮೇಲೆ ಈ ವಿದ್ಯೆ ಹಿನ್ನೆಲೆಗೆ ಸರಿಯಿತು. ಉಸಿರುನಾಳಕ್ಕೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸುವುದು ರೂಢಿಯಾಯಿತು. 1956ರಲ್ಲಿ ಹ್ಯಾಲೋಥೇನ್ ಬಂತು, ಆನಂತರ ಒಂದಕ್ಕಿಂತ ಒಂದು ಉತ್ತಮ ಮದ್ದುಗಳು ಬಂದವು. ರೋಗಿಯನ್ನು ಪೂರ್ತಿ ಮಲಗಿಸುವುದೇ ಸುರಕ್ಷಿತವೂ ಸುಲಭವೂ ಆಯಿತು. ಮಲಗಿದವನಿಗೆ ನೋವು ಗೊತ್ತಾಗುವುದಿಲ್ಲವಲ್ಲ, ಸೂಜಿ ಏಕೆ ಎಂಬ ಭಾವನೆ ಬೆಳೆಯಿತು. ಎದ್ದ ಮೇಲೆ ಏನು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಅತ್ತ ದರಿ, ಇತ್ತ ಪುಲಿ

ಕೇಳದಿರಲು ಕಾರಣವೂ ಇತ್ತು. ಬೇರೆ ಆಪರೇಷನ್‌ಗಳಲ್ಲಿ ನೋವಿಗೆ ಮಾರ್ಫಿನ್ ಅಥವಾ ಅದರ ಬಳಗದ ಮದ್ದು ಕೊಡುತ್ತಾರೆ. ಮಿದುಳಿನ ರೋಗಿಗೆ ಅದನ್ನು ಕೊಡಲು ವೈದ್ಯರಿಗೆ ಭಯ. ಮಾರ್ಫಿನ್ ಮಂಪರು ತರಿಸುತ್ತದೆ, ಕಣ್ಣಿನ ಪಾಪೆಯನ್ನು ಕಿರಿದಾಗಿಸುತ್ತದೆ. ಆದರೆ ಶಸ್ತ್ರಚಿಕಿತ್ಸಕರು ಐಸಿಯುನಲ್ಲಿ ಗಂಟೆಗಂಟೆಗೂ ನೋಡುವುದು ಅವನ್ನೇ: ರೋಗಿ ಕೂಗಿದರೆ ಓಗೊಡುತ್ತಾನೆಯೇ, ಪಾಪೆಗಳು ಸರಿಯಿವೆಯೇ? ಒಳಗೆ ರಕ್ತ ಸೋರಿ ಮಿದುಳನ್ನು ಒತ್ತುತ್ತಿದ್ದರೆ ಮೊದಲು ತಿಳಿಯುವುದು ಈ ಗುರುತುಗಳಿಂದ. ಮದ್ದಿನ ಮಂಪರಿಗೂ ರಕ್ತಸ್ರಾವದ ಮಂಪರಿಗೂ ವ್ಯತ್ಯಾಸ ಹೇಳುವುದು ಸುಲಭವಲ್ಲ. ಜೊತೆಗೆ ಮಾರ್ಫಿನ್ ಉಸಿರಾಟವನ್ನು ನಿಧಾನಗೊಳಿಸುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಬುರುಡೆಯೊಳಗಿನ ಒತ್ತಡ ಹೆಚ್ಚುತ್ತದೆ. ವಾಂತಿಯಂತೂ ಆ ಒತ್ತಡಕ್ಕೆ ಮತ್ತಷ್ಟು ಸೇರಿಸುತ್ತದೆ.

ಹಾಗಿದ್ದರೆ ಡೈಕ್ಲೋಫಿನಾಕ್‌ನಂಥ ಮಾಮೂಲಿ ನೋವುನಿವಾರಕ? ಅವು ರಕ್ತ ಹೆಪ್ಪುಗಟ್ಟುವ ಕೆಲಸಕ್ಕೆ ಅಡ್ಡಿ ಬರುತ್ತವೆ ಎಂಬ ಅಳುಕು. ನಮ್ಮ ದೇಶದಲ್ಲಿ ಧಾರಾಳವಾಗಿ ಬಳಕೆಯಲ್ಲಿರುವ ಟ್ರಮಡಾಲ್ ವಾಂತಿ ತರಿಸುತ್ತದೆ, ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಪಾಶ್ಚಾತ್ಯ ಆಸ್ಪತ್ರೆಗಳು ಬಹುಕಾಲ ನೆಚ್ಚಿಕೊಂಡಿದ್ದ ಕೊಡೀನ್ ಕೆಲಸ ಮಾಡಬೇಕಾದರೆ ದೇಹದೊಳಗೆ ಮಾರ್ಫಿನ್ ಆಗಿ ಬದಲಾಗಬೇಕು. ಆ ಬದಲಾವಣೆ ಮಾಡುವ ಕಿಣ್ವ ಕೆಲವರಲ್ಲಿ ಮಂದ, ಕೆಲವರಲ್ಲಿ ಅತಿ ಚುರುಕು. ಒಬ್ಬರಿಗೆ ನೋವೇ ಇಳಿಯದು, ಇನ್ನೊಬ್ಬರಿಗೆ ಉಸಿರೇ ಇಳಿಯಬಹುದು. ಕೊನೆಗೆ ಉಳಿಯುತ್ತಿದ್ದುದು ಪ್ಯಾರಾಸಿಟಮಾಲ್ ಒಂದೇ. ‘ಮಿದುಳಿಗೆ ನೋವಿಲ್ಲ’ ಎಂಬ ಮಾತು ಆಗ ವೈದ್ಯರ ಮನಸ್ಸಿಗೂ ಸಮಾಧಾನ ಕೊಡುತ್ತಿತ್ತು.

ಈ ಸಮಾಧಾನವನ್ನು ಕದಡಿದ್ದು 1996ರ ಒಂದು ಸಣ್ಣ ಇಟಾಲಿಯನ್ ಅಧ್ಯಯನ. ಡಿ ಬೆನೆಡಿಟ್ಟಿಸ್ ಮತ್ತು ಸಂಗಡಿಗರು ಬುರುಡೆ ತೆರೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 37 ರೋಗಿಗಳನ್ನು ನೋವಿನ ಬಗ್ಗೆ ವಿಚಾರಿಸಿದರು. ಶೇ 60ರಷ್ಟು ಮಂದಿಗೆ ನೋವಿತ್ತು. ಅವರಲ್ಲಿ ಮೂರರಲ್ಲಿ ಎರಡು ಪಾಲಿನವರಿಗೆ ಮಧ್ಯಮದಿಂದ ತೀವ್ರ ಮಟ್ಟದ್ದು. ಆಮೇಲಿನ ಅಧ್ಯಯನಗಳೂ ಇದೇ ದಿಕ್ಕಿನಲ್ಲಿ ಹೇಳಿದವು. ಸುಮ್ಮನೆ ಮಲಗಿದ್ದ ರೋಗಿಗಳೆಲ್ಲ ನೆಮ್ಮದಿಯಿಂದ ಮಲಗಿರಲಿಲ್ಲ.

ಮೂರು ಮೊನೆಗಳು ಊರುವ ಗಳಿಗೆ

ಸ್ಕಾಲ್ಪ್ ಬ್ಲಾಕ್ ಮತ್ತೆ ಮುನ್ನೆಲೆಗೆ ಬರಲು ಇನ್ನೊಂದು ಕಾರಣ ಆಪರೇಷನ್ ಕೋಣೆಯೊಳಗೇ ಇತ್ತು. ಮಿದುಳಿನ ಸೂಕ್ಷ್ಮ ಕೆಲಸಕ್ಕೆ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕಾಗಿ ಮೇಫೀಲ್ಡ್ ಎಂಬ ಹಿಡಿಕೆ ಇದೆ. ಅದರ ಮೂರು ಚೂಪು ಮೊನೆಗಳು ಚರ್ಮ ತೂರಿ ಬುರುಡೆಯ ಎಲುಬಿನಲ್ಲಿ ಊರುತ್ತವೆ. ವಯಸ್ಕರಲ್ಲಿ 60ರಿಂದ 80 ಪೌಂಡ್‌ಗಳ ಒತ್ತಡ. ಪೂರ್ತಿ ಪ್ರಜ್ಞೆ ತಪ್ಪಿಸಿದ ರೋಗಿಯಲ್ಲೂ ಆ ಗಳಿಗೆಯಲ್ಲಿ ಬಿ.ಪಿ., ನಾಡಿಬಡಿತ ದಿಢೀರನೆ ನೆಗೆಯುತ್ತವೆ. ಮನಸ್ಸು ಮಲಗಿದ್ದರೂ ನರಗಳು ಮಲಗಿರುವುದಿಲ್ಲ. ಮಿದುಳಿನ ರಕ್ತನಾಳ ಬಲೂನಿನಂತೆ ಉಬ್ಬಿದ ಅನ್ಯೂರಿಸಂ ರೋಗಿಯಲ್ಲಿ ಈ ಏರಿಕೆಯಿಂದ ನಾಳ ಒಡೆಯುವ ಭಯ. ದೊಡ್ಡ ಗಡ್ಡೆಯಿದ್ದವರಲ್ಲಿ ಬುರುಡೆಯೊಳಗಿನ ಒತ್ತಡ ಏರುವ ಭಯ.

1996ರಲ್ಲೇ ಅಮೆರಿಕದ ಪಿನೊಸ್ಕಿ ಮತ್ತು ಸಂಗಡಿಗರು 21 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಲೆಯ ನರಗಳ ಬಳಿ ಬ್ಯುಪಿವಕೇನ್, ಇನ್ನೊಂದಕ್ಕೆ ಬರೀ ಸಲೈನ್ ಚುಚ್ಚಿದರು. ಮೊನೆಗಳು ಊರಿದಾಗ ಸಲೈನ್ ಗುಂಪಿನವರ ಬಿ.ಪಿ. ಮತ್ತು ನಾಡಿಬಡಿತ ಏರಿದವು. ಬ್ಲಾಕ್ ಪಡೆದವರಲ್ಲಿ ಆ ಏರಿಕೆ ಕಾಣಲಿಲ್ಲ. ಅವರು ವಿವರಿಸಿದ ಸೂಜಿಯ ಜಾಗಗಳೇ ಇಂದಿಗೂ ಹೆಚ್ಚಿನ ಕಡೆ ಪಾಠವಾಗಿವೆ.

ನಂತರದ ನೋವಿಗೆ ಇದರಿಂದ ಎಷ್ಟು ಪ್ರಯೋಜನ? 2013ರಲ್ಲಿ ಗಿಲ್‌ಫಾಯ್ಲ್ ಮತ್ತು ಸಂಗಡಿಗರು ಅದುವರೆಗಿನ 7 ಪ್ರಯೋಗಗಳ 320 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಮೊದಲ ಕೆಲವು ಗಂಟೆಗಳಲ್ಲಿ ನೋವು ಕಡಿಮೆ, ಮೊದಲ ದಿನ ಬೇಕಾದ ಮಾರ್ಫಿನ್ ಬಳಗದ ಮದ್ದಿನ ಪ್ರಮಾಣವೂ ಕಡಿಮೆ ಎಂಬುದು ಅವರಿಗೆ ಸಿಕ್ಕ ಉತ್ತರ. ಶಸ್ತ್ರಚಿಕಿತ್ಸೆಯ ನೋವಿನ ಬಗ್ಗೆ ಶಿಫಾರಸು ಮಾಡುವ ಯುರೋಪಿನ ‘ಪ್ರಾಸ್ಪೆಕ್ಟ್’ ತಜ್ಞರ ಗುಂಪು 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಸ್ಕಾಲ್ಪ್ ಬ್ಲಾಕ್ ಅಥವಾ ಗಾಯದ ಗೆರೆಗುಂಟ ಮದ್ದು ಚುಚ್ಚುವುದನ್ನು ಪ್ಯಾರಾಸಿಟಮಾಲ್ ಮೊದಲಾದ ಮದ್ದುಗಳ ಜೊತೆಗೆ ಸೇರಿಸಿದೆ. ಅಧ್ಯಯನಗಳು ಚಿಕ್ಕವು, ರೋಗಿಗಳ ಸಂಖ್ಯೆ ಕಡಿಮೆ ಎಂಬ ಆಕ್ಷೇಪ ಉಳಿದಿದೆ. ಆಪರೇಷನ್‌ಗೆ ಮೊದಲೇ ಕೊಡಬೇಕೇ, ಹೊಲಿಗೆ ಹಾಕಿದ ಮೇಲೆ ಕೊಡಬೇಕೇ ಎಂಬ ಚರ್ಚೆಯೂ ಮುಗಿದಿಲ್ಲ. ಮೊದಲೇ ಕೊಟ್ಟರೆ ಮೊನೆಗಳ ಏಟಿನಿಂದ ರಕ್ಷಣೆ. ಕೊನೆಗೆ ಕೊಟ್ಟರೆ ಎಚ್ಚರವಾದ ನಂತರದ ಹೆಚ್ಚು ಗಂಟೆಗಳಿಗೆ ರಕ್ಷಣೆ.

ಎಚ್ಚರವಿರುವಾಗಲೇ ಆಪರೇಷನ್

ಬ್ಲಾಕ್ ಅನಿವಾರ್ಯವಾಗುವುದು ಎರಡು ಕಡೆ. ಒಂದು, ಮಾತು ಅಥವಾ ಕೈಕಾಲಿನ ಚಲನೆಯನ್ನು ಆಳುವ ಜಾಗದ ಪಕ್ಕದಲ್ಲೇ ಗಡ್ಡೆ ಬೆಳೆದಾಗ. ರೋಗಿಯನ್ನು ಮಾತಾಡಿಸುತ್ತಾ, ಚಿತ್ರ ತೋರಿಸಿ ಹೆಸರು ಹೇಳಿಸುತ್ತಾ ಗಡ್ಡೆ ತೆಗೆಯುತ್ತಾರೆ. ವಿದ್ಯುತ್ ಮೊನೆ ಮುಟ್ಟಿದಾಗ ಮಾತು ತಡವರಿಸಿದರೆ ಆ ಜಾಗವನ್ನು ಬಿಟ್ಟುಬಿಡುತ್ತಾರೆ. ಗಂಟೆಗಟ್ಟಲೆ ನಡೆಯುವ ಈ ಕೆಲಸದಲ್ಲಿ ರೋಗಿ ನೋವಿಲ್ಲದೆ, ಆದರೆ ಪೂರ್ತಿ ಎಚ್ಚರವಾಗಿ ಇರಲು ನರಗಳ ತಡೆಯೇ ಆಧಾರ. ಡ್ಯೂರಾ ಪೊರೆಯ ನೋವಿಗೆ ಸ್ಕಾಲ್ಪ್ ಬ್ಲಾಕ್ ಸಾಲದು. ಅದಕ್ಕೆ ಶಸ್ತ್ರಚಿಕಿತ್ಸಕರೇ ಲಿಗ್ನೋಕೇನ್‌ನಿಂದ ಬೇರೆಯಾಗಿ ಮರಗಟ್ಟಿಸಬೇಕು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಮಾತಾಡುವ ರೋಗಿಗಳಿರುವ ನಮ್ಮಲ್ಲಿ ಯಾವ ಭಾಷೆಯಲ್ಲಿ ಮಾತಾಡಿಸಿ ಪರೀಕ್ಷಿಸಬೇಕು ಎಂಬುದನ್ನೂ ತಂಡ ಮೊದಲೇ ನಿರ್ಧರಿಸಿಕೊಳ್ಳಬೇಕು.

ಎರಡನೆಯದು ಇಷ್ಟು ಸುದ್ದಿಯಾಗುವುದಿಲ್ಲ, ಆದರೆ ಬಹಳ ಹೆಚ್ಚು ಮಂದಿಗೆ ಸಂಬಂಧಿಸಿದ್ದು. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜ ಆಗ ಚೆನ್ನಾಗಿಯೇ ಇರುತ್ತಾರೆ. ಮೂರ್ನಾಲ್ಕು ವಾರ ಕಳೆದ ಮೇಲೆ ನಡಿಗೆ ವಾಲುತ್ತದೆ, ಮಾತು ತೊದಲುತ್ತದೆ, ಮರೆವು ಕಾಣುತ್ತದೆ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗಿ, ಅದರ ಮತ್ತು ಡ್ಯೂರಾದ ನಡುವಿನ ಸಣ್ಣ ರಕ್ತನಾಳಗಳು ಎಳೆದುಕೊಂಡಿರುತ್ತವೆ. ಚಿಕ್ಕ ಪೆಟ್ಟಿಗೂ ಅವು ಹರಿದು ರಕ್ತ ನಿಧಾನವಾಗಿ ಶೇಖರವಾಗುತ್ತದೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಅಪಾಯ ಹೆಚ್ಚು. ಬುರುಡೆಗೆ ಒಂದೋ ಎರಡೋ ರಂಧ್ರ ಕೊರೆದು ಆ ರಕ್ತವನ್ನು ಹೊರಬಿಟ್ಟರೆ ಅಜ್ಜ ಮತ್ತೆ ನಡೆಯುತ್ತಾರೆ. ಎಂಬತ್ತು ದಾಟಿದ, ಹೃದಯ, ಶ್ವಾಸಕೋಶ ದುರ್ಬಲವಾದ ದೇಹಕ್ಕೆ ಪೂರ್ಣ ಅರಿವಳಿಕೆಯೇ ದೊಡ್ಡ ಹೊರೆ. ಇಂಥಲ್ಲಿ ಆಯಾ ಬದಿಯ ನರಗಳನ್ನಷ್ಟೇ ಮರಗಟ್ಟಿಸಿ, ಬೇಕಿದ್ದರೆ ತುಸು ಮಂಪರು ಕೊಟ್ಟು, ಆಪರೇಷನ್ ಮುಗಿಸಬಹುದು.

ನಮ್ಮ ಪರಿಸ್ಥಿತಿಗೆ ಈ ವಿಧಾನ ಒಗ್ಗಲು ಮತ್ತೊಂದು ಕಾರಣವಿದೆ. ಭಾರತ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶ. ಆದರೂ 1985ರ ಮಾದಕವಸ್ತು ಕಾಯ್ದೆಯ ಕಠಿಣ ನಿಯಮಗಳಿಂದಾಗಿ ಮಾರ್ಫಿನ್ ಇಟ್ಟುಕೊಳ್ಳುವುದೇ ಆಸ್ಪತ್ರೆಗಳಿಗೆ ತಲೆನೋವಾಗಿತ್ತು. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿತು, ಆದರೆ ಹಿಂಜರಿಕೆ ಪೂರ್ತಿ ಹೋಗಿಲ್ಲ. ಬ್ಯುಪಿವಕೇನ್‌ಗೆ ಇಂಥ ತೊಡಕಿಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್‌ನಲ್ಲೂ ಅದೇ ಮದ್ದು. ಹೆರಿಗೆ ಆಪರೇಷನ್ ನಡೆಯುವ ತಾಲ್ಲೂಕು ಆಸ್ಪತ್ರೆಯಲ್ಲೂ ಅದು ಇರುತ್ತದೆ.

ಮದ್ದಿಗೂ ಮಿತಿಯಿದೆ

ಸೂಜಿಯ ಕೆಲಸ ಎಂದಮೇಲೆ ಅಪಾಯವೂ ಇದ್ದೇ ಇದೆ. ತಲೆಯ ಚರ್ಮದಲ್ಲಿ ರಕ್ತನಾಳಗಳು ಹೆಚ್ಚು. ಮದ್ದು ಬೇಗ ರಕ್ತಕ್ಕೆ ಸೇರುತ್ತದೆ. ಪ್ರಮಾಣ ಮೀರಿದರೆ ಫಿಟ್ಸ್ ಬರಬಹುದು, ಹೃದಯದ ಲಯ ತಪ್ಪಬಹುದು. ಆದ್ದರಿಂದ ದೇಹದ ತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ ಬ್ಯುಪಿವಕೇನ್ ಎಂಬಂಥ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುತ್ತಾರೆ. 60 ಕಿಲೋ ತೂಕದವರಿಗೆ 120 ಮಿಲಿಗ್ರಾಂ, ಶೇ 0.5ರ ಮದ್ದಾದರೆ ಅದು 24 ಮಿಲಿಲೀಟರ್. ಎರಡೂ ಬದಿಯ ಹದಿನಾಲ್ಕು ನರಗಳಿಗೆ ಹಂಚಿದರೆ ಅಷ್ಟರಲ್ಲಿ ಮುಗಿದುಹೋಗುತ್ತದೆ. ಹೆಚ್ಚು ಬೇಕಿದ್ದರೆ ಮದ್ದನ್ನು ತೆಳುವಾಗಿಸಬೇಕು. ಆಮೇಲೆ ಗಾಯದ ಗೆರೆಗೆ ಶಸ್ತ್ರಚಿಕಿತ್ಸಕರೂ ಮದ್ದು ಚುಚ್ಚುವುದಾದರೆ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ವಿಷವೇರಿದರೆ ಕೊಡಬೇಕಾದ ಶೇ 20ರ ಲಿಪಿಡ್ ಎಮಲ್ಷನ್ ಕೈಗೆಟುಕುವಲ್ಲಿ ಇರಬೇಕು. 1998ರಲ್ಲಿ ಗೈ ವೈನ್‌ಬರ್ಗ್ ತಂಡ ಇಲಿಗಳಲ್ಲಿ ತೋರಿಸಿದ ಈ ಉಪಾಯ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಕಿವಿಯ ಮುಂದೆ ಸೂಜಿ ಆಳಕ್ಕೆ ಹೋದರೆ ಮುಖದ ಸ್ನಾಯುಗಳ ನರವೂ ಮರಗಟ್ಟಿ ಬಾಯಿ ಸೊಟ್ಟಗಾಗಬಹುದು, ಕಣ್ಣು ಮುಚ್ಚದಿರಬಹುದು. ಕೆಲವು ಗಂಟೆಗಳಲ್ಲಿ ಅದು ಸರಿಹೋಗುತ್ತದೆ. ಆದರೆ ಮಿದುಳಿನ ಆಪರೇಷನ್ ಆದವರಲ್ಲಿ ಬಾಯಿ ಸೊಟ್ಟಗಾದರೆ ಲಕ್ವ ಹೊಡೆಯಿತೇ ಎಂದು ಇಡೀ ತಂಡ ಗಾಬರಿಬೀಳುತ್ತದೆ. ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಬುರುಡೆಯ ಎಲುಬು ತೆಗೆದಿರುವ ಜಾಗದಲ್ಲಿ, ಅಪಘಾತದಲ್ಲಿ ಎಲುಬು ಚೂರಾದ ಜಾಗದಲ್ಲಿ ಸೂಜಿಗೆ ತಡೆಯೇ ಇರುವುದಿಲ್ಲ. ಅಲ್ಲಿ ಅತಿ ಎಚ್ಚರ ಬೇಕು. ಚರ್ಮದಲ್ಲಿ ಕೀವು, ಸೋಂಕು ಇದ್ದರೆ ಆ ಜಾಗಕ್ಕೆ ಚುಚ್ಚುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿ ಸಮಯದ್ದು. ಬ್ಲಾಕ್ ಅರ್ಧ ದಿನ ಕಾಯಬಲ್ಲದು. ನೋವು ಎರಡು ದಿನ ಕಾಡುತ್ತದೆ. ಬೆಳಿಗ್ಗೆ ಕೊಟ್ಟ ಬ್ಲಾಕ್ ಇಳಿಯುವುದು ನಡುರಾತ್ರಿಯಲ್ಲಿ, ವಾರ್ಡಿನಲ್ಲಿ ಕೈಗಳು ಕಡಿಮೆ ಇರುವ ಹೊತ್ತಿನಲ್ಲಿ. ಹಾಗಾಗಿ ನೋವು ಶುರುವಾಗುವ ಮೊದಲೇ ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್ ಕೊಡುವ ಏರ್ಪಾಡು ಜೊತೆಗಿರಬೇಕು. ಬ್ಲಾಕ್ ಕೊಟ್ಟಾಯಿತು, ಇನ್ನು ಚಿಂತೆಯಿಲ್ಲ ಎಂದು ಕೈತೊಳೆದುಕೊಂಡರೆ ರೋಗಿಗೆ ಸಿಕ್ಕ ನೆಮ್ಮದಿ ನಡುರಾತ್ರಿಗೇ ಮುಗಿಯುತ್ತದೆ.

ರೂಪಾಯಿಗೆ ಎಷ್ಟಾಣೆ?

ನೋವನ್ನು ತಡೆಯಲು ಮೊದಲು ಅದನ್ನು ಕೇಳಬೇಕು. ಆಸ್ಪತ್ರೆಗಳಲ್ಲಿ ಸೊನ್ನೆಯಿಂದ ಹತ್ತರವರೆಗಿನ ಅಂಕ ಕೇಳುವ ಪದ್ಧತಿಯಿದೆ. ‘ಅಜ್ಜಾ, ನೋವಿಗೆ ಹತ್ತರಲ್ಲಿ ಎಷ್ಟು ಕೊಡ್ತೀರಿ?’ ಎಂದು ಸಿಸ್ಟರ್ ಕೇಳಿದರೆ ಹಳ್ಳಿಯ ಹಿರಿಯರು ತಬ್ಬಿಬ್ಬಾಗುತ್ತಾರೆ. ‘ಇದೆ ಕಣಮ್ಮ, ತಡ್ಕೋತೀನಿ’ ಎಂಬುದು ಅವರ ಉತ್ತರ. ಅದನ್ನೇ ‘ರೂಪಾಯಿಗೆ ಎಷ್ಟಾಣೆ ಕಮ್ಮಿಯಾಗಿದೆ?’ ಎಂದು ಕೇಳಿ ನೋಡಿ, ‘ನಾಲ್ಕಾಣೆ ಇಳಿದೈತೆ, ಹನ್ನೆರಡಾಣೆ ಹಂಗೇ ಐತೆ’ ಎಂದು ಕರಾರುವಾಕ್ಕಾಗಿ ಹೇಳುತ್ತಾರೆ. ತಡೆದುಕೊಳ್ಳುವುದನ್ನೇ ದೊಡ್ಡ ಗುಣವೆಂದು ಬಾಳಿದ ತಲೆಮಾರು ಅದು. ಕೇಳುವವರು ಅವರ ಲೆಕ್ಕದಲ್ಲೇ ಕೇಳಬೇಕು.

ಕೆಲವರು ಹೇಳಲಾರರು. ಮಿದುಳಿನ ಕಾಯಿಲೆಯೇ ಮಾತನ್ನು ಕಿತ್ತುಕೊಂಡಿರುತ್ತದೆ, ಅಥವಾ ಗಂಟಲಲ್ಲಿ ಉಸಿರಾಟದ ಕೊಳವೆ ಇರುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1979ರಲ್ಲಿ ಮಾಡಿದ್ದ ನೋವಿನ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸುವಾಗ, ಹೇಳಿಕೊಳ್ಳಲಾಗದವರಿಗೂ ನೋವು ಇರಬಹುದು ಎಂಬುದನ್ನು ಸ್ಪಷ್ಟವಾಗಿ ಸೇರಿಸಿದೆ. ಹುಬ್ಬು ಗಂಟಿಕ್ಕುವುದು, ನಾಡಿ ಓಡುವುದು, ಕೈ ಮತ್ತೆಮತ್ತೆ ಬ್ಯಾಂಡೇಜಿನ ಕಡೆ ಹೋಗುವುದು ಅಂಥವರ ಭಾಷೆ.

ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಗೊತ್ತಾಗಿದ್ದರೆ ಶಸ್ತ್ರಚಿಕಿತ್ಸಕರ ಜೊತೆಗೆ ಅರಿವಳಿಕೆ ವೈದ್ಯರನ್ನೂ ಮಾತಾಡಿಸಿ. ಹಿಂದಿನ ದಿನ ತಪಾಸಣೆಗೆ ಬರುವವರು ಅವರೇ. ‘ಡಾಕ್ಟ್ರೇ, ಎದ್ದ ಮೇಲೆ ನೋವಿಗೆ ಏನು ಮಾಡ್ತೀರಿ? ತಲೆಯ ನರಗಳಿಗೆ ಬ್ಲಾಕ್ ಕೊಡಬಹುದೇ?’ ಎಂದು ಕೇಳಲು ಸಂಕೋಚ ಬೇಡ. ಎಲ್ಲರಿಗೂ ಅದು ಹೊಂದದಿರಬಹುದು. ಆ ತೀರ್ಮಾನ ಅವರದು. ಹಲ್ಲು ಕೀಳಿಸುವಾಗ ಮರಗಟ್ಟುವ ಇಂಜೆಕ್ಷನ್‌ನಿಂದ ತೊಂದರೆಯಾಗಿದ್ದರೆ, ತಲೆಗೆ ಮೊದಲೊಮ್ಮೆ ಆಪರೇಷನ್ ಆಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಮರೆಯದೆ ಹೇಳಿ. ಆಪರೇಷನ್ ನಂತರ ತಲೆನೋವು ದಿಢೀರನೆ ಹೆಚ್ಚಿದರೆ, ಜೊತೆಗೆ ವಾಂತಿ, ಮಂಪರು, ಕೈಕಾಲಿನಲ್ಲಿ ಬಲಹೀನತೆ ಕಂಡರೆ, ಗಾಯದ ನೋವೆಂದು ಸುಮ್ಮನಿರದೆ ತಕ್ಷಣ ಸಿಸ್ಟರ್‌ಗೆ ತಿಳಿಸಿ. ಮಿಕ್ಕ ನೋವನ್ನೂ ಹಲ್ಲುಕಚ್ಚಿ ಸಹಿಸಬೇಕಿಲ್ಲ. ಅದಕ್ಕೆ ಮದ್ದಿದೆ, ಬಲ್ಲವರಿದ್ದಾರೆ. ಕೇಳಿ ಪಡೆಯುವುದು ರೋಗಿಯ ಹಕ್ಕು.